ಮುಂಡರಗಿಯ ಕೆಳಗೆ ಬಿದ್ದ ಮಸಿ

ತಪ್ಪು ಮಾಡುವುದು ಸುಲಭ, ಒಪ್ಪಿಕೊಳ್ಳುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ, ಒಪ್ಪಿಕೊಂಡ ತಪ್ಪನ್ನು ನಾಲ್ಕು ಜನ ನಂಬುವಂತೆ ಮಾಡುವುದು. ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಧಾರವಾಡದಲ್ಲಿ ನಾಲ್ಕು ವರ್ಷ ತರ್ಕ, ನೀತಿಶಾಸ್ತ್ರ ಎಂದು ಓದಿದರೂ ಈ ಸಮಸ್ಯೆಯನ್ನು ಯಾವ ಪ್ರಾಧ್ಯಾಪಕರೂ ಎತ್ತಿರಲಿಲ್ಲ. ಬಹುಶಃ ಅವರು ಯಾರೂ ಒಪ್ಪಿಕೊಂಡು ನೋಡಿರಲಿಕ್ಕಿಲ್ಲ.

ಏಕೀಕರಣವಾದ ವರ್ಷ ನಾನು ಗದಗ-ಬೆಟಗೇರಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಸದಾಗಿ ಸೇರಿದ್ದೆ. ನಮ್ಮ ಹೆಡ್ ಮಾಸ್ತರರಿಗೆ ಆಗ ಒಂದು ಚಿಂತೆ ಹತ್ತಿತ್ತು. ಸ್ವಾತಂತ್ರ್ಯ ಬಂತು, ಕರ್ನಾಟಕವೂ ಒಂದಾಯಿತು, ಇನ್ನು ಬರಬೇಕಾದದ್ದು ಜವಾಬ್ದಾರಿಯೊಂದೇ, ಅದು ಎಲ್ಲಿಯೋ ದಾರಿಯಲ್ಲಿ ತಡವಾಗಿದೆ ಎಂಬುದು ಅವರ ಅಭಿಪ್ರಾಯ. ಅದನ್ನು ಬರಮಾಡಿಕೊಳ್ಳಲು ಅವರು ಪ್ರತಿ ಸೋಮವಾರದ ಕಡೆಯ ತಾಸನ್ನು ‘ಜವಾಬ್ದಾರಿಯ ತಾಸು’ ಎಂದು ಗೊತ್ತುಮಾಡಿ ನನಗೆ ಒಪ್ಪಿಸಿದರು. ನನಗೇ ಯಾಕೆ ಎಂದು ಕೇಳಿದೆ. “ನೀವು ಮಾತು ಭಾಳ ಕಡಿಮಿ ಆಡ್ತೀರಿ. ಕಡಿಮಿ ಮಾತಾಡೋರು ತಪ್ಪೂ ಕಡಿಮಿ ಮಾಡ್ತಾರ,” ಎಂದರು. ನಾನು ಮಾತು ಕಡಿಮೆ ಆಡುವುದು ಅಂಜಿಕೆಯಿಂದ ಎಂದು ಹೇಳಬಹುದಿತ್ತು. ಅದನ್ನು ಹೇಳಲಿಕ್ಕೂ ಮಾತೇ ಆಡಬೇಕಾದ್ದರಿಂದ ಸುಮ್ಮನಾದೆ.

ಶಿಕ್ಷಕರ ಖೋಲಿಯಲ್ಲಿ ಈ ತಾಸಿಗೆ ಭಾರೀ ಬೆಂಬಲ ಸಿಕ್ಕಿತು. ಅದೇ ವಾರ ಅಲ್ಲಿಯ ಕುಡಿಯುವ ನೀರಿನ ಕೊಡದ ಮುಚ್ಚಳ ಒಡೆದಿತ್ತು. ನಾವು ಐದು ಜನ ಶಿಕ್ಷಕರು. ಐವರಲ್ಲಿ ಯಾರನ್ನು ಕೇಳಿದರೂ, ತಾವು ಬಂದಾಗ ಅದು ಮೊದಲೇ ಒಡೆದಿತ್ತು. ಹುಡುಗಿಯರಿಗೆ ಜವಾಬ್ದಾರಿ ಕಲಿಸಲೇಬೇಕು ಎಂದು ಐವರೂ ಆ ಮುಚ್ಚಳದ ಚೂರುಗಳನ್ನು ನೋಡುತ್ತಲೇ ತೀರ್ಮಾನಿಸಿದೆವು.

ಹೆಡ್ ಮಾಸ್ತರರ ಏರ್ಪಾಡು ಹೀಗಿತ್ತು. ಯಾವ ಹುಡುಗಿ ತಾನಾಗಿ ಎದ್ದುನಿಂತು ತನ್ನ ತಪ್ಪು ಹೇಳುವಳೋ ಅವಳಿಗೆ ಶಿಕ್ಷೆಯಿಲ್ಲ. ಬದಲಿಗೆ ಆ ವಾರವೆಲ್ಲ ಕಿಡಕಿಯ ಪಕ್ಕದ ಬೆಂಚು. ಗದಗಿನ ಗಾಳಿಯನ್ನು ಬಲ್ಲವರಿಗೆ ಆ ಬೆಂಚಿನ ಬೆಲೆ ತಿಳಿದೀತು. ತಗಡಿನ ಮಾಡಿನ ಕೆಳಗೆ ನಾವೆಲ್ಲ ಬೇಯುತ್ತಿದ್ದಾಗ ಆ ಒಂದು ಬೆಂಚಿಗೆ ಮಾತ್ರ ಗಾಳಿ ಹೊಡೆಯುತ್ತಿತ್ತು. ಜೊತೆಗೆ ಲಕ್ಷ್ಮೇಶ್ವರದ ಬಸ್ಸು, ಮುಂಡರಗಿಯ ಬಸ್ಸು ಯಾವುದು ಮೊದಲು ಬಂತೆಂದು ನೋಡಬಹುದಿತ್ತು. ಮೊದಲ ಸೋಮವಾರ ಒಬ್ಬಳು ಸೀಮೆಸುಣ್ಣ ಕದ್ದದ್ದನ್ನು ಒಪ್ಪಿಕೊಂಡಳು. ಎರಡನೆಯ ಸೋಮವಾರ ನಾಲ್ವರು ಎದ್ದರು. ತಿಂಗಳು ತುಂಬುವುದರೊಳಗೆ ತಪ್ಪಿತಸ್ಥರ ಸಾಲು ಬಾಗಿಲು ದಾಟಿತು. ಎಲ್ಲರಿಗೂ ಸಾಕಾಗುವಷ್ಟು ತಪ್ಪುಗಳು ಊರಲ್ಲಿ ಇರಲಿಲ್ಲವಾಗಿ ಹುಡುಗಿಯರು ಇಲ್ಲದ ತಪ್ಪುಗಳನ್ನು ಕಟ್ಟಿಕೊಂಡು ಬರತೊಡಗಿದರು. ಒಬ್ಬಳು, “ಅಕ್ಕಾರ, ನಾ ಮನಸಿನ್ಯಾಗ ನಿಮಗ ಬೈದೇನ್ರಿ,” ಎಂದಳು. ಏನೆಂದು ಬೈದೆ ಎಂದು ಕೇಳಿದೆ. “ಅದನ್ನ ಹೇಳಿದ್ರ ಇನ್ನೊಂದು ತಪ್ಪಾಕ್ಕೈತ್ರಿ. ಅದನ್ನ ಮುಂದಿನ ಸೋಮವಾರಕ್ಕ ಇಟ್ಟೇನ್ರಿ,” ಎಂದಳು. ಹೆಡ್ ಮಾಸ್ತರರು ಮಾತ್ರ ಬಹಳ ಸಂತೋಷಪಟ್ಟರು. ನಮ್ಮ ಶಾಲೆಯಲ್ಲಿ ಪ್ರಾಮಾಣಿಕತೆ ಬೆಳೆಯುತ್ತಿದೆ ಎಂದರು. ತಪ್ಪೂ ಅಷ್ಟೇ ಬೆಳೆಯುತ್ತಿದೆ ಎಂದು ನಾನು ಹೇಳಲಿಲ್ಲ.

ಈ ನಡುವೆ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವ ಖಬರು ಬಂತು. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ನಮ್ಮ ಗೋಡೆಯ ಮೇಲೆ ಇನ್ನೂ ಮುಂಬಯಿ ಪ್ರಾಂತದ ನಕಾಶೆಯೇ ತೂಗುತ್ತಿತ್ತು. ಹೊಸ ರಾಜ್ಯದ ಅಚ್ಚಿನ ನಕಾಶೆ ಬಂದಿರಲಿಲ್ಲ. ಹೆಡ್ ಮಾಸ್ತರರು ಬೆಟಗೇರಿಯ ದಪ್ಪ ಬಿಳಿ ಬಟ್ಟೆ ತರಿಸಿ, ಎಂಟು ದಿನ ಮೊಣಕಾಲೂರಿ ಕೂತು, ಒಂದಾದ ಕರ್ನಾಟಕವನ್ನು ತಾವೇ ಬರೆದರು. ಊರುಗಳ ಹೆಸರು ಬರೆಯುವ ಕೆಲಸ ನನ್ನದು. ನನ್ನ ಅಕ್ಷರ ದುಂಡಗಿದೆ.

ಗುರುವಾರ ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತು ಬರೆಯುತ್ತಿದ್ದೆ. ಗದಗ-ಬೆಟಗೇರಿ ಆಯಿತು. ಮೊನ್ನೆ ಮೊನ್ನೆಯತನಕ ಸಂಸ್ಥಾನಿಕರ ಕೈಯಲ್ಲಿದ್ದ ಲಕ್ಷ್ಮೇಶ್ವರ, ಶಿರಹಟ್ಟಿಗಳನ್ನೂ ಒಳಗೆ ಸೇರಿಸಿಕೊಂಡೆ. ನಮ್ಮೂರು ಮುಳಗುಂದವನ್ನು ಬೇಕಿದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ ಬರೆದೆ. ಮುಂಡರಗಿಗೆ ಸೊನ್ನೆ ಇಟ್ಟು ಮೇಲೆದ್ದೆ, ಮಸಿಯ ದೌತಿ ಸೆರಗಿಗೆ ಸಿಕ್ಕಿ ಉರುಳಿತು. ಮುಂಡರಗಿಯ ಕೆಳಗೆ ಅಂಗೈ ಅಗಲದ ನೀಲಿ ಹರಡಿತು. ಸೀಮೆಸುಣ್ಣದ ಪುಡಿ ಹಾಕಿ ಉಜ್ಜಿದೆ. ಅದರಿಂದ ಅಂಚುಗಳು ಇನ್ನಷ್ಟು ಸ್ಪಷ್ಟವಾದವು. ಬೆಳಿಗ್ಗೆ ನಾನಾಗಿಯೇ ಹೇಳಿದರಾಯಿತೆಂದು ನಕಾಶೆ ಮಡಚಿ ಕಪಾಟಿನಲ್ಲಿಟ್ಟು ಮನೆಗೆ ಹೋದೆ. ಹೀಗೆ ‘ಬೆಳಿಗ್ಗೆ ಹೇಳಿದರಾಯಿತು’ ಎನ್ನುವುದರ ವಿರುದ್ಧ ನಾನೇ ಎರಡು ಸೋಮವಾರ ಪಾಠ ಮಾಡಿದ್ದೆ.

ಬೆಳಿಗ್ಗೆ ನನಗಿಂತ ಮೊದಲು ಹೆಡ್ ಮಾಸ್ತರರು ಕಪಾಟು ತೆಗೆದಿದ್ದರು. ಪ್ರಾರ್ಥನೆಯ ಹೊತ್ತಿಗೆ ನಕಾಶೆಯನ್ನು ಎತ್ತಿ ಹಿಡಿದು, “ಮುಂಡರಗಿ ಮುಳುಗೇತಿ. ಯಾರು ಮುಳುಗಿಸಿದ್ರಿ?” ಎಂದು ಕೇಳಿದರು. ನಾನು ಬಾಯಿ ತೆರೆದೆ. ಆದರೆ ತಿಂಗಳುಗಟ್ಟಲೆ ನಾನೇ ತಯಾರು ಮಾಡಿದ ಹುಡುಗಿಯರು ನನಗಿಂತ ಚುರುಕಾಗಿದ್ದರು. ಒಂಬತ್ತನೆಯ ಇಯತ್ತೆಯ ಗಂಗವ್ವ, “ನಾನ್ರೀ,” ಎಂದಳು. ಅವಳ ಹಿಂದೆಯೇ ಆರು ಜನ, “ನಾನೂ ರೀ, ನಾನೂ ರೀ,” ಎಂದರು. ಹೆಡ್ ಮಾಸ್ತರರು ಮೊದಲು ಬಂದ ತಪ್ಪನ್ನೇ ಸ್ವೀಕರಿಸಿದರು. ಆದರೆ ಇದು ಸೀಮೆಸುಣ್ಣವಲ್ಲ, ಅವರ ಸ್ವಂತದ ಎಂಟು ದಿನ. ಕಿಡಕಿಯ ಬೆಂಚಿನ ಮಾತೇ ಎತ್ತದೆ, “ನಾಳೆ ನಿಮ್ಮಪ್ಪನ್ನ ಕರಕೊಂಡು ಬಾ,” ಎಂದರು.

ಗಂಗವ್ವನನ್ನು ಪಕ್ಕಕ್ಕೆ ಕರೆದು, “ಇದನ್ನ ನೀ ಮಾಡಿಲ್ಲ. ನಂಗ ಗೊತ್ತೈತಿ,” ಎಂದೆ.

“ನಿಮಗ ಹೆಂಗ ಗೊತ್ರಿ?” ಎಂದಳು. ಅವಳೇ ಮುಂದುವರಿಸಿದಳು: “ಎಲ್ಲಾರಿಗೂ ಕಿಡಕಿ ಬೆಂಚು ಸಿಕ್ಕೈತ್ರಿ, ನನಗೊಬ್ಬಾಕಿಗೆ ಇಲ್ಲ. ಮುಂಜಾನಿ ಸಂಜೀಕ ಮನ್ಯಾಗ ಮಗ್ಗದ ಕಂಡಿಕಿಗೆ ನೂಲು ಸುತ್ತತೇನ್ರಿ, ತಪ್ಪು ಮಾಡಾಕ ಪುರುಸೊತ್ತ ಎಲ್ಲೈತಿ? ಸಾಲಿಯಿಂದ ಒಂದ ತಕರಾರು ಬಂದ್ರ ಸಾಲಿ ಬಿಡಸ್ತೇನಿ ಅಂದಾನ್ರಿ ನಮ್ಮಪ್ಪ. ಮಗ್ಗಕ್ಕ ಒಂದ್ ಕೈ ಕಡಿಮಿ ಐತಂತ.”

ಅಂದು ಸಂಜೆ ನಾನು ಹೆಡ್ ಮಾಸ್ತರರಿಗೆ ಕೊಡಲು ಒಂದು ಪತ್ರ ಬರೆದೆ. ಮೊದಲ ಕರಡಿನಲ್ಲಿ ದೌತಿ ಉರುಳಿತ್ತು. ಎರಡನೆಯದರಲ್ಲಿ ಸೆರಗು ದೌತಿಯನ್ನು ಉರುಳಿಸಿತ್ತು. ನಾನು ಆ ವಾಕ್ಯದೊಳಕ್ಕೆ ಬಂದದ್ದು ನಾಲ್ಕನೆಯ ಕರಡಿನಲ್ಲಿ, ಅದೂ ಕೊನೆಗೆ. ನನ್ನ ನೌಕರಿ ಖಾಯಮಾಗಲು ಇನ್ನು ಮೂರೇ ತಿಂಗಳಿದ್ದವು. ಪತ್ರ ಹರಿದು, ಬಾಯಲ್ಲೇ ಹೇಳುವುದೆಂದು ನಿಶ್ಚಯಿಸಿದೆ.

ಶನಿವಾರ ಗಂಗವ್ವನ ಅಪ್ಪ ವೀರಪ್ಪ ರುಮಾಲು ಸುತ್ತಿಕೊಂಡು ಹೆಡ್ ಮಾಸ್ತರರ ಖೋಲಿಯ ಬಾಗಿಲಲ್ಲಿ ಬಂದು ನಿಂತ. ನಾನು ಅವನ ಹಿಂದೆಯೇ ನಿಂತೆ. ಹೆಡ್ ಮಾಸ್ತರರು, “ನಿನ್ನ ಮಗಳು ಏನ್ ಮಾಡ್ಯಾಳ ನೋಡಪಾ,” ಎಂದು ನಕಾಶೆಯ ಕಡೆ ಬೆರಳು ಮಾಡಿದರು. ತಪಾಸಣೆ ಅಂದೇ ಇದ್ದದ್ದರಿಂದ ಬೇರೆ ದಾರಿಯಿಲ್ಲದೆ ಅದನ್ನು ಗೋಡೆಗೆ ತೂಗುಹಾಕಿದ್ದರು. ಅಷ್ಟರಲ್ಲಿ ಹೇಳಿದ ವೇಳೆಗಿಂತ ಒಂದು ತಾಸು ಮೊದಲೇ ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದರು. ಬಂದವರು ಸೀದಾ ನಕಾಶೆಯ ಮುಂದೆ ನಿಂತು ಕನ್ನಡಕ ಏರಿಸಿದರು. ಹೆಡ್ ಮಾಸ್ತರರ ಮುಖ ಸೀಮೆಸುಣ್ಣದಂತಾಯಿತು.

“ಭೇಷ್,” ಎಂದರು ಸಾಹೇಬರು. “ತುಂಗಭದ್ರೆಯ ಹೊಸ ಅಣೆಕಟ್ಟಿನ ನೀರನ್ನೂ ತೋರಿಸಿದ್ದೀರಲ್ಲ. ಎಷ್ಟೋ ಶಾಲೆಗಳನ್ನು ನೋಡಿ ಬಂದೆ ಕಣ್ರೀ, ಯಾರಿಗೂ ಇದು ಹೊಳೆದಿಲ್ಲ. ಯಾರು ಮಾಡಿದ್ದು ಇದನ್ನ?”

ಎರಡು ದಿನಗಳಲ್ಲಿ ಅದೇ ಪ್ರಶ್ನೆ ಎರಡನೆಯ ಸಲ. ಹೆಡ್ ಮಾಸ್ತರರು ಗಂಟಲು ಸರಿಮಾಡಿಕೊಂಡು, “ನಾನೇ ಕೂತು ಮಾಡಿಸಿದ್ದು,” ಎಂದರು. ವೀರಪ್ಪನಿಗೆ ಅಣೆಕಟ್ಟಿನ ಸುದ್ದಿ ತಿಳಿಯಿತೋ ಇಲ್ಲವೋ, ಸಾಹೇಬರ ದನಿ ತಿಳಿಯಿತು. “ಮಾಡಿದಾಕಿ ನನ್ನ ಮಗಳ್ರೀ. ಮಾಸ್ತರ್ ಈಗಷ್ಟ ಹೇಳಿದ್ರು,” ಎಂದು ಮುಂದೆ ಬಂದ. ಸಾಹೇಬರು ಅವನ ಕೈ ಕುಲುಕಿ, ಇಂಥ ಮಗಳನ್ನು ಮೆಟ್ರಿಕ್ ತನಕ ಓದಿಸಬೇಕು ಎಂದರು. “ಓದಸ್ತೇನ್ರಿ. ಮಗ್ಗದ್ದು ಏನೈತ್ರಿ, ನೋಡಾಕ ನಾ ಅದೇನಲ್ರಿ,” ಎಂದ ವೀರಪ್ಪ.

ನಾನು ಸುಮ್ಮನಿರಬಹುದಿತ್ತು. ಆದರೆ ಎರಡು ದಿನದಿಂದ ತಾಲೀಮು ಮಾಡಿದ ವಾಕ್ಯ ಬಾಯಿಯ ಹತ್ತಿರವೇ ಇತ್ತು, ಜಾರಿಬಿಟ್ಟಿತು. “ಸರ್, ಖರೆ ಹೇಳಬೇಕಂದ್ರ ಅದನ್ನ ಮಾಡಿದಾಕಿ ನಾನು.”

ಸಾಹೇಬರು ಮರುಕದಿಂದ ನನ್ನನ್ನು ನೋಡಿದರು. ಹೆಡ್ ಮಾಸ್ತರರು ಹೊರಗೆ ಕರೆದು ಮೆಲ್ಲಗೆ ಹೇಳಿದರು: “ಅಕ್ಕಾರ, ನೀವು ಕಲಿತೋರು. ಕೂಸಿಗೆ ಸಿಕ್ಕ ಶಾಬಾಸಕಿಗೆ ಕೈ ಹಾಕಬಾರದ್ರಿ. ದೊಡ್ಡೋರು ಸ್ವಲ್ಪ ಹಿಂದ ಸರೀಬೇಕು.” ಹೀಗೆ ಹೇಳಿ ತಾವು ಸಾಹೇಬರ ಪಕ್ಕಕ್ಕೆ ಮುಂದೆ ಸರಿದರು.

ಮುಂದಿನ ಸೋಮವಾರದ ಪಾಠದ ವಿಷಯವನ್ನು ಅವರೇ ಒಂದು ಚೀಟಿಯಲ್ಲಿ ಬರೆದು ಕಳಿಸಿದ್ದರು: ‘ಇನ್ನೊಬ್ಬರ ಕೀರ್ತಿಗೆ ಆಸೆಪಡಬಾರದು.’ ನಾನು ಪಾಠ ಮಾಡಿದೆ. ಉದಾಹರಣೆಗಳು ಚೆನ್ನಾಗಿದ್ದವು ಎಂದು ಹೊರಗೆ ನಿಂತು ಕೇಳಿದ ಹೆಡ್ ಮಾಸ್ತರರು ಹೇಳಿದರು. ಗಂಗವ್ವ ಕಿಡಕಿಯ ಬೆಂಚಿನಲ್ಲಿ, ಗಾಳಿಗೆ ಹಾರುವ ಮುಂಗೂದಲು ಸರಿಸಿಕೊಳ್ಳುತ್ತ, ಬಹಳ ಗಂಭೀರವಾಗಿ ಕೇಳಿದಳು. ತಾಸು ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದು ನನ್ನ ಮೇಜಿನ ಹತ್ತಿರ ಬಂದಳು.

“ಅಕ್ಕಾರ, ಈ ಸೀರಿ ಸಾಲಿಗೆ ಉಡಬ್ಯಾಡ್ರಿ. ನಮ್ಮ ಬೆಟಗೇರಿ ನೂಲಿಗೆ ಮಸಿ ಹತ್ತಿದ್ರ ಹೋಗೂದಿಲ್ಲ. ಸೆರಗಿನ್ಯಾಗ ಇನ್ನೂ ಕಾಣತೈತಿ.”

ನೇಕಾರರ ಮಗಳ ಕಣ್ಣಿಗೆ ಕಲೆ ತಪ್ಪುವುದುಂಟೆ? ನನಗಿದ್ದದ್ದು ಮೂರೇ ಸೀರೆ, ಉಡದೆ ಇರುವಂತಿಲ್ಲ. ನನ್ನ ಮಾತು ಖರೆ ಎನ್ನುವುದಕ್ಕೆ ಜಗತ್ತಿನಲ್ಲಿದ್ದ ಒಂದೇ ಸಾಕ್ಷಿ ಅದು. ಅಂದಿನಿಂದ ಆ ಸೆರಗನ್ನು ಸುತ್ತಿ ತಂದು, ಕಲೆಯಿರುವ ತುದಿಯನ್ನು ಸೊಂಟದೊಳಗೆ ಭದ್ರವಾಗಿ ಸಿಕ್ಕಿಸಿಕೊಂಡೇ ಶಾಲೆಗೆ ಹೋಗುತ್ತಿದ್ದೆ. ಇದರಲ್ಲಿ ಗಂಗವ್ವನ ಮೆಟ್ರಿಕ್ಕಿಗಾಗಿ ಎಷ್ಟು, ನನ್ನ ನೌಕರಿಗಾಗಿ ಎಷ್ಟು ಎಂದು ದಯವಿಟ್ಟು ಕೇಳಬೇಡಿ. ಮೂರು ತಿಂಗಳಿಗೆ ನಾನು ಖಾಯಮಾದೆ. ಆದೇಶ ಕೈಗೆ ಕೊಡುವಾಗ ಹೆಡ್ ಮಾಸ್ತರರು ಉಳಿದ ನಾಲ್ವರು ಶಿಕ್ಷಕರನ್ನೂ ಕರೆದು ನನ್ನನ್ನು ತೋರಿಸಿ, “ಸೆರಗ ಕಟ್ಟಿ ದುಡಿಯೂದಂದ್ರ ಹಿಂಗ. ಜವಾಬ್ದಾರಿ ಅನ್ನೂದು ನೋಡಿದ ಕೂಡ್ಲೆ ಕಾಣಬೇಕು,” ಎಂದರು. ನಾನು ತುದಿಯನ್ನು ಇನ್ನೊಮ್ಮೆ ಒಳಗೆ ಒತ್ತಿಕೊಂಡು ನಮಸ್ಕಾರ ಮಾಡಿದೆ.