ಬಂದೂಕಿಗೆ ವರ ಬೇಕಾಗಿದೆ

ನಮ್ಮ ಮಾಮಾನಿಗೆ, ಅಂದರೆ ಅವ್ವನ ಅಣ್ಣನಿಗೆ, ಕಿವಿ ಕೇಳುವುದಿಲ್ಲ ಎಂದು ತುರ್ವಿಹಾಳದಲ್ಲಿ ಯಾರನ್ನು ವಿಚಾರಿಸಿದರೂ ಹೇಳುತ್ತಾರೆ. ನನಗೆ ಮಾತ್ರ ಮೊದಲಿನಿಂದಲೂ ಅನುಮಾನ! ಅಂಗಳದಲ್ಲಿ ನಿಂತು ಕಾಲುವೆ ನೀರಿನ ಪಾಳಿ ಬಂತು ಎಂದು ಕೂಗಿದರೆ "ಅಳ್ಯಾ ಬಂದನೇನು?" ಎನ್ನುವ ಈ ಮನುಷ್ಯನಿಗೆ, ಅತ್ತೆ ಮಿರ್ಚಿ ಭಜಿಯನ್ನು ಎಣ್ಣೆಗೆ ಬಿಟ್ಟ ಸದ್ದು ಓಣಿಯ ತುದಿಯಿಂದಲೇ ಕೇಳಿಸುತ್ತದೆ. ಬಂದೂಕು ಹೊಡೆದು ಹೊಡೆದು ಕಿವಿ ಹೋಯಿತೆಂದು ಅವನ ವಾದ.

ಬಂದೂಕುಗಳು ಮೂರು. ಅಜ್ಜನ ಕಾಲದ, ಬಾಯಿಂದ ಮದ್ದು ಜಡಿಯುವ ಮುದುಕಿ ಒಂದು, ಒಂಟಿ ನಳಿಗೆಯದೊಂದು, ಥಳಥಳಿಸುವ ಜೋಡು ನಳಿಗೆಯದೊಂದು. ಎಲ್ಲಕ್ಕೂ ಲೈಸನ್ಸ್ ಇದೆ. ಆದರೆ ಅವು ಏನೇನು ಬೇಟೆಯಾಡಿವೆ ಎಂದು ಮಾತ್ರ ಕೇಳಬೇಡಿ! ಭತ್ತಕ್ಕೆ ಹಕ್ಕಿ ಕೂತಾಗ ಮಾಮಾ ಹೋಗಿ ಆಕಾಶಕ್ಕೆ ಗುಂಡು ಹಾರಿಸಿದರೆ, ಅವು ಹಿರಿಯರಿಗೆ ಮರ್ಯಾದೆ ಕೊಡಬೇಕೆಂದು ಎದ್ದು ಪಕ್ಕದ ಮಡಿಯಲ್ಲಿ ಕೂಡುತ್ತಿದ್ದವು.

ಈಗ ಕಾಯಿದೆ ಬದಲಾಗಿ ಒಬ್ಬರಿಗೆ ಎರಡೇ ಬಂದೂಕು ಎಂದಾಗಿದೆ. ಮೂರನೆಯದನ್ನು ಲೈಸನ್ಸ್ ಇದ್ದವರಿಗೆ ಮಾರಬೇಕು, ಇಲ್ಲವೇ ಠಾಣೆಗೆ ಒಪ್ಪಿಸಬೇಕು. ಇದರಲ್ಲಿ ಯೋಚಿಸುವುದೇನಿದೆ? ಮುದುಕಿ ಢಂ ಎನ್ನುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ, ಅದನ್ನೇ ಮಾರು ಎಂದು ಮನೆಯವರೆಲ್ಲ ಹೇಳಿದೆವು. ಮಾಮಾನಿಗೆ ಕೇಳಿಸಲಿಲ್ಲ. ಠಾಣೆಯವರು ಹೇಳಿ ಕಳಿಸಿದ ಮೇಲೆ ಕೇಳಿಸಿತು. ಆದರೂ ಮಾರುತ್ತೇನೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಒಳ್ಳೆಯ ಮನೆ ನೋಡಿ ಕೊಡುತ್ತೇನೆ ಎಂದ!

ಮೊದಲ ಸಂಬಂಧ ಬಂದದ್ದು ಲಿಂಗಸುಗೂರಿನಿಂದ. ಬಂದವರನ್ನು ಜಮಖಾನೆಯ ಮೇಲೆ ಕೂರಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಕೊಟ್ಟದ್ದಾಯಿತು. ಎಣ್ಣೆ ಹಚ್ಚಿಸಿಕೊಂಡ ಮುದುಕಿ ಅತ್ತೆಯ ಹಳೆಯ ಇಳಕಲ್ ಸೀರೆ ಸುತ್ತಿಕೊಂಡು ಹೊರಗೆ ಬಂದಳು. ಅವರು ನಳಿಗೆ ಮುಟ್ಟುವ ಮೊದಲೇ ಮಾಮಾ ವಿಚಾರಣೆ ಶುರು ಮಾಡಿದ. ಮನೆಯಲ್ಲಿ ಕುಡಿಯುವವರಿದ್ದಾರೆಯೇ? ಮಾಳಿಗೆ ಸೋರುತ್ತದೆಯೇ? ಸ್ವಲ್ಪ ಸೋರುತ್ತದೆ ಎಂದು ಆ ಪುಣ್ಯಾತ್ಮರು ನಿಜ ಹೇಳಿಬಿಟ್ಟರು. ಸಂಬಂಧ ಅಲ್ಲಿಗೇ ಮುರಿಯಿತು.

ಆಮೇಲೆ ಬಂದ ಮುದಗಲ್ಲಿನವರು ಹಳೆಯ ಸಾಮಾನುಗಳ ಪ್ರೇಮಿ. ಪಡಸಾಲೆಯ ಗೋಡೆಗೆ ಹಾಕಿದರೆ ಚೆಂದ ಕಾಣುತ್ತದೆ ಎಂದರು.

"ಗ್ವಾಡಿಗೆ ತೂಗು ಹಾಕಾಕ ಯಾರರ ಹೆಣ್ಣು ಕೊಡ್ತಾರೇನ್ರೀ?" ಎಂದ ಮಾಮಾ.

ಅವರು ಮಿರ್ಚಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮಸ್ಕಿಯಲ್ಲಿ ಟೀಚರಾಗಿರುವ ನನಗೆ ಅತ್ತೆ ಫೋನು ಮಾಡಿದಳು. ನನ್ನ ಮಾತನ್ನಾದರೂ ಕೇಳಿಯಾನು ಎಂದು ಅವಳ ಆಸೆ. ಆ ಮುದುಕಿಗೂ ನನಗೂ ಒಂದು ಹಳೆಯ ನಂಟಿದೆ. ನನ್ನವ್ವನ ತವರಿನಲ್ಲಿ ಗಂಡು ಹುಟ್ಟಿದರೆ ಆ ಬಂದೂಕಿನಿಂದ ಒಂದು ಗುಂಡು ಹಾರಿಸುವ ಪದ್ಧತಿಯಿತ್ತು. ಹೆಣ್ಣು ಹುಟ್ಟಿದರೆ ಇಲ್ಲ. ನಾನು ಹುಟ್ಟಿದಾಗ ಸೂಲಗಿತ್ತಿ ಹೊರಗೆ ಬಂದು ಹೆಣ್ಣು ಎಂದಳಂತೆ, ಅಂಗಳದಲ್ಲಿದ್ದ ಮಾಮಾ ಢಂ ಅನಿಸಿಬಿಟ್ಟನಂತೆ! ಕಿವುಡನಿಗೆ ಗಂಡು ಎಂದು ಕೇಳಿಸಿತು ಎಂದು ಊರೆಲ್ಲ ನಕ್ಕಿತು. ನಾನು ತಪ್ಪಿ ಹಾರಿದ ಗುಂಡಿನ ಹುಡುಗಿಯಾದೆ. ಎಲ್ಲರೊಂದಿಗೆ ನಾನೂ ನಗುತ್ತಿದ್ದೆ, ಒಳಗೊಳಗೇ ಬೇಜಾರಾಗುತ್ತಿತ್ತು.

ಸಿಂಧನೂರಿನ ಬಸ್ಸು ಹಿಡಿದು, ಅಲ್ಲಿಂದ ತುರ್ವಿಹಾಳಕ್ಕೆ ಹೋದೆ. ಮುದುಕಿಯನ್ನು ಕೊಟ್ಟುಬಿಡು ಎಂದು ಓಣಿಗೆಲ್ಲ ಕೇಳುವಂತೆ ಹೇಳಿದೆ.

"ಜೋಡು ನಳಿಗೀದನ್ನ ಲಿಂಗಸುಗೂರಿನವರಿಗೆ ಕೊಡಾಕತ್ತೀನಿ," ಎಂದ. "ಅದು ಗಂಡಮಗ ಇದ್ದಂಗ. ಮಾಳಗಿ ಸೋರಿದ್ರೂ ಇರತೈತಿ."

ನಾನು ಮುಖ ತಿರುಗಿಸಿ, ತಪ್ಪಿ ಗುಂಡು ಹಾರಿಸಿದ ಹಾಳು ಬಂದೂಕಿಗೆ ಇಷ್ಟೊಂದು ಉಪಚಾರ ಯಾಕೋ ಎಂದು ನನ್ನಷ್ಟಕ್ಕೆ ಗೊಣಗಿದೆ. ಪಕ್ಕದಲ್ಲಿದ್ದ ಅತ್ತೆಗೂ ಅದು ಕೇಳಿಸಲಿಲ್ಲ.

"ತಪ್ಪಿ ಹಾರಿಸಿಲ್ಲವ್ವಾ," ಎಂದ ಮಾಮಾ, ಮುದುಕಿಗೆ ಮತ್ತೆ ಸೀರೆ ಸುತ್ತುತ್ತ. "ಹೆಣ್ಣು ಅಂದಿದ್ದು ನನಗ ಚಲೋ ಕೇಳಿತ್ತು. ಕೇಳಿತ್ತು ಅಂದಿದ್ರ ನಿಮ್ಮಜ್ಜ ಬಂದೂಕ ಕಸಗೊಂತಿದ್ದ. ಅದಕ ಅವತ್ತಿಂದ ಕಿವುಡ ಆದೆ."