ಅರೆ ಸ್ವಯಂಚಾಲಿತ

ಶುದ್ಧ ಕನ್ನಡ ಮಾತಾಡುವುದೂ ಒಂದು ಚಟವೇ. ಗುಟಕಾ ತಿನ್ನುವವನಿಗಾದರೆ ಮನೆಯವರು ಬೈದು ಬಿಡಿಸುತ್ತಾರೆ. ಈ ಚಟದವನಿಗೆ ನವೆಂಬರ್ ಬಂತೆಂದರೆ ಕರೆದು ಶಾಲು ಹೊದಿಸುತ್ತಾರೆ. ನಾನು ವಾಡಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ನನ್ನ ಬಳಿ ಇಂಥ ಶಾಲು ನಾಲ್ಕಿವೆ. ಆ ನಾಲ್ಕೂ ಶಾಲುಗಳಿಗಿಂತ ದೊಡ್ಡದೊಂದು ನಷ್ಟ ಈ ಚಟದಿಂದ ನನಗಾಯಿತು. ಅದನ್ನು ಹೇಳಿಕೊಂಡುಬಿಡುತ್ತೇನೆ, ನಗುವವರು ನಗಲಿ.

ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎಡಗಾಲು ಸೊರಗಿತು. ಆ ಕಾಲಿಗೆ ಒತ್ತು ಅಂದರೆ ಒತ್ತುತ್ತದೆ, ಎತ್ತು ಅಂದರೆ ಸ್ವಲ್ಪ ಯೋಚನೆ ಮಾಡುತ್ತದೆ. ಹೀಗಾಗಿ ಶಹಾಬಾದದ ಮನೆಯಿಂದ ಶಾಲೆಗೆ ಇಷ್ಟು ವರ್ಷ ನಾನು ಹೋದದ್ದೆಲ್ಲ ಯಾರದೋ ಮೋಟಾರ್‌ಸೈಕಲ್ಲಿನ ಹಿಂದೆ ಕೂತು. ಹಿಂದೆ ಕೂತವನಿಗೆ ಎದುರಿಗೆ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ, ಅದಕ್ಕೇ ನಾನು ಕೆಳಗೆ ನೋಡುತ್ತಿದ್ದೆ. ಓಡಿಸುವವನ ಪಾದ ಟಕ್ ಅಂತ ಒತ್ತಿದರೆ ಗಾಡಿ ದನಿ ಬದಲಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಗಾಡಿಯಲ್ಲ, ಗೇರು. ನಲವತ್ತೆಂಟು ವರ್ಷದವನು ಇದನ್ನು ಯಾರ ಮುಂದೆ ಹೇಳುವುದು? ನಾಚಿಕೆಯಾಗಿ ಹೆಂಡತಿಗೂ ಹೇಳಿರಲಿಲ್ಲ.

ನಮ್ಮೂರಲ್ಲಿ ಮೌಲಾ ಮಿಸ್ತ್ರಿ ಅಂತ ಒಬ್ಬರಿದ್ದಾರೆ. ಎರಡು ಗಾಲಿಯ ಗಾಡಿಯ ಹಿಂದಿನ ಗಾಲಿ ತೆಗೆದು, ಅಲ್ಲಿ ಎರಡು ಗಾಲಿ ಕೂಡಿಸಿ ನನ್ನಂಥವರಿಗೆ ಮೂರು ಗಾಲಿಯ ಗಾಡಿ ಮಾಡಿಕೊಡುತ್ತಾರೆ. ಈ ಸಲ ಗಟ್ಟಿ ಮನಸ್ಸು ಮಾಡಿ, ಹೆಂಡತಿಯನ್ನೂ ಕರೆದುಕೊಂಡು ಅವರ ಅಂಗಡಿಗೆ ಹೋದೆ.

"ಮೂರು ನಮೂನಿ ಅದಾವ್ರಿ ಸರ," ಅಂದರು ಮಿಸ್ತ್ರಿ. "ಕೈಯಾಗ ಕ್ಲಚ್ಚು, ಕಾಲಾಗ ಗೇರು, ಅದು ಒಂದು. ಕ್ಲಚ್ ಇಲ್ಲ, ಗೇರ್ ಅಷ್ಟೇ ಒತ್ತೂದು, ಅದಕ್ಕ ಸೆಮಿ ಅಂತಾರ. ಮೂರನೇದು ಆಟೋಮ್ಯಾಟಿಕ್ ರೀ, ರೇಸ್ ಹಿಂಡೂದು, ಹೋಗೂದು."

"ಹಿಂಡೂದು ಹೋಗೂದೇ ಇರ್ಲಿ," ಅಂದಳು ನಮ್ಮಾಕಿ. ಸಂತೆಯಲ್ಲಿ ಬದನೆಕಾಯಿ ಆರಿಸಲು ಆಕೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾಳೆ.

ನಾನು ವಿಷಯ ತಪ್ಪಿಸಲು, "ಆಟೋಮ್ಯಾಟಿಕ್ ಯಾಕ್ರಿ ಮಿಸ್ತ್ರಿ, ಕನ್ನಡದಾಗ ಸ್ವಯಂಚಾಲಿತ ಅನ್ರಿ," ಅಂದೆ. ಪಾಪ, ಅವರು ನಾಲ್ಕು ಸಲ ಅಂದು ಬಾಯಿಪಾಠ ಮಾಡಿಕೊಂಡರು. ಅರ್ಥವೇನು ಅಂತ ಕೇಳಿದೆ. "ಹಿಂಡೂದು, ಹೋಗೂದು," ಅಂದರು. ಪಾಸು ಮಾಡಿದೆ.

ಆಮೇಲೆ, ಸುಮ್ಮನೆ ನೋಡೋಣ ಅಂತ, ರಿಪೇರಿಗೆ ಬಂದಿದ್ದ ಮೂರು ಗಾಲಿಯ ಕ್ಲಚ್ಚಿನ ಗಾಡಿಯೊಂದನ್ನು ಹತ್ತಿದೆ. ಪಕ್ಕದಲ್ಲಿ ಕಲ್ಲು ಪಾಲಿಶ್ ಮಾಡುವ ಅಂಗಳ. ಕ್ಲಚ್ ಹಿಡಿದಾಗಲೇ ಗೇರ್ ಒತ್ತಬೇಕು, ಒತ್ತಿದ ಮೇಲೆ ಕ್ಲಚ್ ಬಿಡಬೇಕು. ನನ್ನ ಕೈ ಚುರುಕಿನದು, ಕಾಲು ಸಾವಕಾಶದ್ದು. ಕಾಲು ಬರುವುದರೊಳಗೆ ಕೈ ಕೆಲಸ ಮುಗಿಸಿಬಿಡುತ್ತಿತ್ತು. ಎರಡು ಸಲ ಗಾಡಿ ಬಂದ್ ಬಿತ್ತು. ಮೂರನೇ ಸಲ ಜಿಗಿದು, ಒಟ್ಟಿದ ಹಾಸುಗಲ್ಲಿಗೆ ಒಂದು ಗೇಣು ಬಿಟ್ಟು ನಿಂತಿತು.

"ಇಳೀರಿ," ಅಂದಳು ನಮ್ಮಾಕಿ. "ಶಾಲಿಗಿ ಹೋಗ್ಲಿಕ್ಕ ಗಾಡಿ ತಗೊಳ್ಳಾಕತ್ತೀರೋ, ಕಾಲಿನ ಮ್ಯಾಲ ಸಿಟ್ಟು ತೀರಿಸ್ಕೊಳ್ಳಾಕತ್ತೀರೋ?"

ಮನೆಗೆ ಬರುವ ದಾರಿಯಲ್ಲಿ ಬೇರೆ ಉಪಾಯ ಕಾಣದೆ ನಿಜ ಹೇಳಿದೆ. "ನನಗ ಗೇರ್ ಹಾಕಬೇಕು ಅಂತ ಭಾಳ ಆಸೆ ಅದ." ನಗುತ್ತಾಳೆ ಅಂದುಕೊಂಡು ಉತ್ತರವನ್ನೂ ಸಿದ್ಧಮಾಡಿಟ್ಟಿದ್ದೆ. ನಗಲಿಲ್ಲ. "ಹಂಗಾದ್ರ ಆ ನಡುವಿಂದು ತಗೊಳ್ರಿ. ಕೈ ತಂಟೆ ಇಲ್ಲ, ಕಾಲು ಅಷ್ಟೇ ಒತ್ತೂದು," ಅಂದಳು.

ಮರುದಿನ ಸ್ಟಾಫ್ ರೂಮಿನಿಂದ ಮಿಸ್ತ್ರಿಗೆ ಫೋನು ಹಚ್ಚಿದೆ. ಸುತ್ತ ಏಳು ಜನ ಮಾಸ್ತರರು ಕೂತಿದ್ದರು. ಅವರು ಕೂತಿರದಿದ್ದರೆ ನಾನು ಸೆಮಿ ಅನ್ನುತ್ತಿದ್ದೆನೋ ಏನೋ. "ಮಿಸ್ತ್ರಿ, ಅರೆ ಸ್ವಯಂಚಾಲಿತವೇ ಆಗಲಿ," ಅಂದೆ.

"ಖರೇ ಏನ್ರಿ ಸರ?"

"ಖರೇ. ಅರೆ ಸ್ವಯಂಚಾಲಿತವೇ."

"ಭಾಳ ಖುಷಿ ಆತ್ರಿ," ಅಂದರು. ನನ್ನ ಗೇರಿಗೆ ಇವರಿಗೆ ಇಷ್ಟು ಖುಷಿ ಯಾಕೋ ತಿಳಿಯಲಿಲ್ಲ. ಒಳ್ಳೆಯ ಮನುಷ್ಯ ಅಂದುಕೊಂಡೆ.

ಇಪ್ಪತ್ತು ದಿನಕ್ಕೆ ಗಾಡಿ ಸಿದ್ಧವಾಯಿತು. ಕೆಂಪು ಬಣ್ಣ, ಹಿಂದೆ ಎರಡು ಗಾಲಿ, ಹ್ಯಾಂಡಲಿಗೆ ಚೆಂಡುಹೂವು. ಹತ್ತಿ ಕೂತು ಎಡಗಾಲಿನಿಂದ ತಡಕಾಡಿದೆ. ಕಾಲಿಡಲು ಸಪಾಟಾದ ತಗಡು ಇತ್ತು, ಮತ್ತೇನೂ ಇರಲಿಲ್ಲ.

"ಗೇರ್ ಎಲ್ಲದ ಮಿಸ್ತ್ರಿ?"

"ಸ್ವಯಂಚಾಲಿತಕ್ಕ ಗೇರ್ ಯಾಕ್ರಿ ಸರ? ನೀವೇ ಕಲಿಸೀರಿ."

"ನಾ ಅರೆ ಅಂದಿದ್ದೆ."

"ಅಂದ್ರಿ, ಎರಡು ಸಲ ಅಂದ್ರಿ. ಅರೆ, ಸ್ವಯಂಚಾಲಿತವೇ ಆಗಲಿ ಅಂದ್ರಿ. ಇಷ್ಟು ಹುರುಪಿಲೆ ಹೇಳ್ಯಾರ ಅಂತ ಸೇಡಂ ತನಕ ಹೋಗಿ ಹುಡುಕಿ ತಂದೀನ್ರಿ."

ಅವರ ಮನೆಯ ಮಾತು ಉರ್ದು. ಅಲ್ಲಿ ಹಾಲು ಉಕ್ಕಿದರೂ ಅರೆ, ನೆಂಟರು ಬಂದರೂ ಅರೆ. ಕನ್ನಡದಲ್ಲಿ ಅರೆ ಅಂದರೆ ಅರ್ಧ ಅಂತ ಬಿಡಿಸಿ ಹೇಳಿದೆ. "ಹಂಗಾದ್ರ ಅರ್ಧ ಅನ್ನಬೇಕಿತ್ತಲ್ರಿ ಸರ," ಅಂದರು. ಅವರೂ ನೊಂದುಕೊಂಡಿದ್ದರು. ಈ ಸಲ ನಾನೇ ನಪಾಸಾದೆ. ಗಾಲಿಗೆ ಬೆಸುಗೆ ಆಗಿತ್ತು, ಕಾಗದಪತ್ರವೂ ನನ್ನ ಹೆಸರಿಗೆ ಆಗಿತ್ತು, ಮರಳಿ ಕೊಡುವ ಹಾಗಿರಲಿಲ್ಲ. ಗಾಡಿಯೇನೋ ಬೆಣ್ಣೆಯ ಹಾಗೆ ಓಡಿತು. ನನಗೆ ಮಾತ್ರ ಅಳು ಬರುವಷ್ಟು ಬೇಸರವಾಯಿತು. ಮನೆಯಲ್ಲಿ ಏನೂ ತೋರಿಸಿಕೊಳ್ಳದೆ, ಭಾಳ ಆರಾಮ ಅದ ಅಂತ ಹೇಳುತ್ತಾ ಒಂದು ವಾರ ಕಳೆದೆ.

ಭಾನುವಾರ ನಮ್ಮಾಕಿಯನ್ನು ಹಿಂದೆ ಕೂಡಿಸಿಕೊಂಡು ಚಿತ್ತಾಪುರದ ಅವಳ ಅಕ್ಕನ ಮನೆಗೆ ಹೊರಟೆ. ವಾಡಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಗಾಳಿ ಮುಖಕ್ಕೆ ಬೀಸಿದಾಗ ನನ್ನ ಎಡಗಾಲು, ನನ್ನನ್ನು ಕೇಳದೆಯೇ, ಆ ಬರಿಯ ತಗಡನ್ನು ಒಮ್ಮೆ ಒತ್ತಿತು. ಸ್ವಲ್ಪ ದೂರ ಹೋಗಿ ಇನ್ನೊಮ್ಮೆ ಒತ್ತಿತು.

"ಈಗ ಎಷ್ಟನೇದು?" ಅಂತ ಹಿಂದಿನಿಂದ ದನಿ ಬಂತು.

ಸಿಕ್ಕಿಬಿದ್ದವನಿಗೆ ಶುದ್ಧ ಕನ್ನಡ ಒದಗುವುದಿಲ್ಲ. "ಮೂರನೇದು," ಅಂದೆ.

"ಮುಂದ ಏರು ಅದ. ಎರಡಕ್ಕ ಹಾಕ್ರಿ."

ಹಾಕಿದೆ. ಗಾಡಿಗೆ ಏನೂ ತಿಳಿಯಲಿಲ್ಲ, ಅದರ ಪಾಡಿಗೆ ಅದು ಏರು ಹತ್ತುತ್ತಿತ್ತು. ಆಕೆ ಮಾತ್ರ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಹಾಂ, ಈಗ ದನಿ ಸುಧಾರಿಸ್ತು," ಅಂದಳು. ನನಗೂ ಹಾಗೇ ಕೇಳಿಸಿತು.