ಭಾವನವರ ರಕ್ಷಣಾ ಬಜೆಟ್ಟು

ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಗಂಡಿನ ಕಡೆಯವರು ಸಂಜೆಗೇ ಬರುತ್ತಾರೆಂದು ಫೋನು ಬಂತು. ನನಗೆ ಮೊದಲು ನೆನಪಾದದ್ದು ಮಗಳ ಸೀರೆಯಲ್ಲ, ನಮ್ಮ ಭಾವನವರ ಬಾಯಿ!

ನಮ್ಮ ಯಜಮಾನರ ಅಣ್ಣ ಅವರು. ಮದುವೆಯಾಗಲಿಲ್ಲ, ದೇಶದ ಖರ್ಚನ್ನೇ ಕಟ್ಟಿಕೊಂಡರು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದರು. ಪಾಠ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಯಲಹಂಕದ ವಾಯುನೆಲೆ ಕಡೆಯಿಂದ ಯುದ್ಧವಿಮಾನ ಗುಡುಗಿದರೆ ನಮ್ಮ ಅಲ್ಲಾಳಸಂದ್ರದ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತವೆ. ಇವರೋ ಬೀದಿಗಿಳಿಯುತ್ತಾರೆ.

"ಮೇಲಲ್ಲ ಕಣ್ರೋ, ಕೆಳಗೆ ನೋಡ್ರೋ! ಮೋರಿ ನೋಡ್ರೋ! ಬಡದೇಶ ದುಡ್ಡನ್ನೆಲ್ಲ ಆಕಾಶಕ್ಕೆ ಸುರಿದ್ರೆ ನೆಲ ಉದ್ಧಾರ ಆಗುತ್ತೇನ್ರೋ?"

ಒಮ್ಮೆ ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತಿಗೇ ವಿಮಾನ ಹೋಯಿತು. "ಹೋಯ್ತು ನೋಡಿ, ಒಂದು ಆಸ್ಪತ್ರೆ!" ಎಂದು ಕೂಗಿದರು. ಯಾವ ಆಸ್ಪತ್ರೆಗೆ ಏನಾಯಿತೋ ಎಂದು ಅರ್ಚಕರು ಆರತಿ ತಟ್ಟೆ ಹಿಡಿದೇ ಬಾಗಿಲಿಗೆ ಓಡಿದರು! ನಾನು ಸೆರಗಲ್ಲಿ ಮುಖ ಮುಚ್ಚಿಕೊಂಡೆ.

ಸಂಜೆ ಹುಡುಗ, ಅವನ ಅಪ್ಪ ಅಮ್ಮ ಬಾಗಲೂರಿನಿಂದ ಬಂದರು. ಅಪ್ಪ ಸೈನ್ಯದಲ್ಲಿದ್ದವರಂತೆ! ನನ್ನ ಗ್ರಹಚಾರ ನೋಡಿ. ಕೇಸರಿಬಾತು ಕೊಡುವಾಗಲೇ ತಲೆಯ ಮೇಲೆ ವಿಮಾನ ಗುಡುಗಿತು.

"ಫಿರಂಗಿ ಕೊಂಡ ದುಡ್ಡಲ್ಲಿ ಶಾಲೆ ಕಟ್ಟೋಕಾಗಲ್ಲ. ಒಪ್ತೀರಾ?" ಶುರು ಮಾಡಿಯೇಬಿಟ್ಟರು ಭಾವನವರು.

"ನನ್ನ ಮಕ್ಕಳು ಓದಿದ್ದೇ ಸೈನ್ಯದ ಸಂಬಳದಲ್ಲಿ ಸ್ವಾಮಿ. ಅದು ಬೆಳವಣಿಗೆ ಅಲ್ವಾ?"

"ನಿಮ್ಮನೆ ಬೆಳೀತು ಬಿಡಿ. ದೇಶ?"

ಬೀಗರಾಗಬೇಕಾದವರು ತಟ್ಟೆ ಕೆಳಗಿಟ್ಟರು. "ಬರ್ತೀವಿ" ಎಂದು ಎದ್ದೇಹೋದರು. ನಮ್ಮ ಹುಡುಗಿ ಇನ್ನೂ ಕೋಣೆಯಿಂದ ಹೊರಗೇ ಬಂದಿರಲಿಲ್ಲ! ಒಳಗೆ ಅವಳು ಬಳೆ ತೆಗೆಯುವ ಸದ್ದು ಕೇಳಿತು. ನೆಲ ಬಾಯಿಬಿಡಬಾರದೇ ಎನ್ನಿಸಿತು ನನಗೆ. ಸಂಬಂಧ ಬೇಡ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲವಲ್ಲ, ಅಷ್ಟು ಪುಣ್ಯ ಎಂದುಕೊಂಡೆ. ಮದುವೆ ಎಲ್ಲಾದರೂ ಕೂಡಿಬರುವವರೆಗೆ ಭಾವನವರನ್ನು ಅಮೃತಹಳ್ಳಿಯ ನಾದಿನಿ ಮನೆಗೆ ಸಾಗಹಾಕುವುದೆಂದೂ ನಿರ್ಧರಿಸಿದೆ.

ಮರುದಿನ ಬೆಳಗ್ಗೆಯಿಂದ ವಿಮಾನಗಳು ಹಾರಿದ್ದೇ ಹಾರಿದ್ದು. ಭಾವನವರು ಬೀದಿಗಿಳಿಯಲೇ ಇಲ್ಲ. ಬೀದಿ ಮಕ್ಕಳು ಗೇಟಿಗೇ ಬಂದು ಕೇಳಿದವು: "ತಾತಾ, ಯಾಕೆ ಇವತ್ತು ಬೈತಿಲ್ಲ?"

ತಿಂಡಿಗೆ ಕರೆಯಲು ಹೋದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಪ್ಪಲಿ ಹುಡುಕುತ್ತಿದ್ದರು.

"ಬಾಗಲೂರಿಗೆ ಹೋಗ್ತೀನಮ್ಮಾ. ನಾನು ಹೇಳಿದ್ದು ಸರಿಯಾಗೇ ಇದೆ. ಆದ್ರೆ ಮಗೂದು ಜೀವನ..." ಒಂದೇ ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ತಿರುಗಿದರು. "ಕ್ಷಮಿಸಿ ಅನ್ನೋದನ್ನ ಹೇಗಮ್ಮಾ ಶುರು ಮಾಡೋದು?"

ಜನ್ಮವಿಡೀ ಪಾಠ ಹೇಳಿದವರು ಕೇಳುತ್ತಿದ್ದಾರೆ, ನನ್ನನ್ನು!

ಮಧ್ಯಾಹ್ನ ಹುಡುಗನ ತಂದೆಯ ಫೋನು. "ಜಗಳಕ್ಕೇ ಬಂದ್ರು ಅನ್ಕೊಂಡೆ ಕಣಮ್ಮಾ. ಬಾಗಿಲಲ್ಲೇ ಕೈ ಮುಗಿದು ನಿಂತ್ಬಿಟ್ರು. ಊಟಕ್ಕೆ ಕೂರಿಸಿದ್ದೀವಿ. ಭಾನುವಾರ ಬರ್ತೀವಿ, ಹುಡುಗೀನ ನೋಡೋಣ."

ಇಂಥವರನ್ನು ಸಾಗಹಾಕಲು ಹೊರಟಿದ್ದೆನಲ್ಲಾ! ದೇವರ ಮುಂದೆ ನಿಲ್ಲಲೂ ಮುಖವಿರಲಿಲ್ಲ. ಕಣ್ಣೊರೆಸಿಕೊಂಡು ಭಾವನವರಿಗೆ ಇಷ್ಟವಾದ ದೋಸೆಗೆ ಅಕ್ಕಿ ನೆನೆಹಾಕಿದೆ.